ಬೆರೆಸಿದ ನೀರು

ಆಸಿಯಾಳ ಕೈಚೀಲದಲ್ಲಿ ಇಲ್ಲದ್ದೇ ಇಲ್ಲ ಎಂದು ದೋಹಾದ ಅಲ್ ಮನ್ಸೂರಾ ಬಡಾವಣೆಯ ಹೆಂಗಸರು ತಮಾಷೆ ಮಾಡುವುದುಂಟು. ತಲೆನೋವಿನ ಮುಲಾಮು, ಸೂಜಿದಾರ, ಮೆಟ್ರೋ ಕಾರ್ಡು, ಯಾವ ಕಾಲದ್ದೋ ಬಾಡಿದ ಏಲಕ್ಕಿ, ಯಾರಾದರೂ ಮಕ್ಕಳು ಅತ್ತರೆ ಕೊಡಲೆಂದು ಎರಡು ಚಾಕ್ಲೇಟು. ಕಳೆದ ಮೂರು ವಾರಗಳಿಂದ ಅದರೊಳಗೆ ಇನ್ನೊಂದು ವಸ್ತು ಸೇರಿಕೊಂಡಿತ್ತು. ಅದರ ಬಗ್ಗೆ ಮಾತ್ರ ತಮಾಷೆ ಮಾಡಲು ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಅರ್ಧ ಲೀಟರಿನ ಬಾಟಲಿಯಲ್ಲಿ ಝಂಝಂ ನೀರು. ತಂಗಿ ಮಕ್ಕಾಕ್ಕೆ ಹೋಗಿ ಉಮ್ರಾ ಮುಗಿಸಿ ಬರುವಾಗ ತಂದುಕೊಟ್ಟದ್ದು.

ಅವಳ ಗಂಡ ಪಕೀರಬ್ಬ ಆಸ್ಪತ್ರೆಯ ಐಸಿಯುವಿನಲ್ಲಿ ವೆಂಟಿಲೇಟರಿನ ಮೇಲಿದ್ದ. ಮೂವತ್ತೊಂದು ವರ್ಷ ದೋಹಾದಲ್ಲಿ ಕುಚ್ಚಲಕ್ಕಿ, ಒಣಮೀನು, ಬೆಲ್ಲ ಮಾರಿದ ಮನುಷ್ಯ. ಮೇಲಿನ ಕಪಾಟಿನಿಂದ ಹಪ್ಪಳದ ಕಟ್ಟು ತೆಗೆಯಲು ಸ್ಟೂಲು ಹತ್ತಿದವನು ತಲೆಸುತ್ತಿ ಬಿದ್ದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು, ಆಪರೇಷನ್ ಆಯಿತು, ಅಂದಿನಿಂದ ಬಾಯಲ್ಲೊಂದು ಟ್ಯೂಬು ಇಟ್ಟುಕೊಂಡು ಮಲಗಿದ್ದ. ಯಂತ್ರ ಊದಿದರೆ ಎದೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಮನೆಯಲ್ಲಿ ಅವನ ಗೊರಕೆಗೆ ಬೈದು ಬೈದು ಸುಸ್ತಾಗಿದ್ದ ಆಸಿಯಾ ಈಗ ಆ ಗೊರಕೆಯನ್ನೊಮ್ಮೆ ಕೇಳಿದರೆ ಸಾಕಪ್ಪಾ ಎಂದುಕೊಳ್ಳುತ್ತಿದ್ದಳು.

ಅದೇ ಕೋಣೆಯಲ್ಲಿ, ಪರದೆಯ ಆಚೆ ಬದಿ, ಇನ್ನೊಂದು ಮಂಚ. ಅದರಲ್ಲಿ ಲತೇಶ್ ಎಂಬ ಹುಡುಗ. ಹುಡುಗ ಎಂದರೆ ಮೂವತ್ತೊಂದರವನು. ಹಮದ್ ಬಂದರಿನಲ್ಲಿ ಕೆಲಸ, ಬೆಳಿಗ್ಗೆ ಡ್ಯೂಟಿಗೆ ಹೋಗುವ ದಾರಿಯಲ್ಲಿ ಕಾರು ಮಗುಚಿ ತಲೆಗೂ ಪಕ್ಕೆಲುಬಿಗೂ ಏಟಾಗಿ ಬಂದವನು. ಅವನ ಹೆಂಡತಿ ಭವ್ಯಶ್ರೀ ಅಲ್ ಅಜೀಜಿಯಾದ ಬಾಡಿಗೆ ಮನೆಗೆ ಬಂದು ಹನ್ನೊಂದು ತಿಂಗಳು. ಸಂಬಂಧಿಕರು ಎಂದು ಹೇಳಿಕೊಳ್ಳಲು ಈ ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೊದಲ ದಿನ ಕಾಯುವ ಕೋಣೆಯ ಮೂಲೆಯಲ್ಲಿ ದುಪ್ಪಟ್ಟಾದ ತುದಿ ಬಾಯಿಗೆ ತುರುಕಿಕೊಂಡು ಅಳುತ್ತಿದ್ದವಳ ಪಕ್ಕ ಆಸಿಯಾ ಹೋಗಿ ಕುಳಿತಳು. ಫೋನಿನಲ್ಲಿ ಅಮ್ಮನ ಜೊತೆ ಹುಡುಗಿ ಮಾತಾಡಿದ ತುಳು ಕಿವಿಗೆ ಬಿದ್ದಿತ್ತು, ಇನ್ನು ಬಿಡುವುದುಂಟೇ.

"ಎಂತ ತಿಂದಿದ್ದಿ ಬೆಳಿಗ್ಗೆಯಿಂದ?"

"ಎಂತ ಇಲ್ಲ."

"ನೀನು ಉಪವಾಸ ಬಿದ್ರೆ ಅವ ಏಳ್ತಾನಾ? ಯಲ್ಲಾ, ಬೇಗ ಬಾಯಿ ತೆರೆ."

ಹಾಗೆ ಹೇಳಿ ಡಬ್ಬಿಯಿಂದ ಅಕ್ಕಿಯ ಪುಂಡಿ ಉಂಡೆ ತೆಗೆದು ತಾನೇ ಬಾಯಿಗೆ ಹಾಕಿದ್ದಳು. ಅಂದಿನಿಂದ ಭವ್ಯಶ್ರೀಗೆ ಆಸಿಯಾ ಎಂದರೆ ಆಸಿಯಕ್ಕ, ಆಸಿಯಾಳಿಗೆ ಅವಳು ಮಗಾ. ತುಳು, ಕನ್ನಡ, ನಡುನಡುವೆ ಬ್ಯಾರಿ, ಎಲ್ಲ ಕಲಸಿದ ಮಾತು ಇಬ್ಬರದೂ. ಮಧ್ಯಾಹ್ನ ಹನ್ನೆರಡರಿಂದ ಒಂದು, ಸಂಜೆ ನಾಲ್ಕರಿಂದ ಐದು, ಒಳಗೆ ಹೋಗಲು ಬಿಡುವುದು ಅಷ್ಟೇ. ಉಳಿದ ಹೊತ್ತು ಕಾಯುವ ಕೋಣೆಯ ಕುರ್ಚಿಯಲ್ಲಿ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂರುತ್ತಿದ್ದರು.

ಐಸಿಯುವಿನ ನರ್ಸ್ ಲೀನಾ ಕಿನ್ನಿಗೋಳಿ ಕಡೆಯವಳು. ಆರೇಳು ಭಾಷೆ ಬರುತ್ತಿತ್ತು, ಆರೇಳರಲ್ಲಿಯೂ ಅವಳು ಹೇಳುತ್ತಿದ್ದದ್ದು ಒಂದೇ. ಕೈ ತೊಳೆಯಿರಿ. ಕೋಣೆಯೊಳಗೆ ಎರಡು ಮಂಚಗಳ ನಡುವೆ ಗೋಡೆಯಲ್ಲೊಂದು ಸಿಂಕು. ಅಲ್ಲಿ ಮೊಣಕೈವರೆಗೆ ಸೋಪು ಹಾಕಿ ತೊಳೆಯದೆ ಅವಳು ಗಂಡನ ಬೆರಳು ಮುಟ್ಟಲೂ ಬಿಡುತ್ತಿರಲಿಲ್ಲ. ಎರಡನೆಯ ಕಟ್ಟಳೆ ಇನ್ನೂ ಬಿಗಿ. "ಬಾಯಿಗೆ ಒಂದು ಹನಿ ಕೂಡ ಹಾಕ್ಬಾರ್ದು ಆಂಟಿ. ನೀರಾದ್ರೂ ಸರಿ, ಜೇನಾದ್ರೂ ಸರಿ. ತುಟಿ ಒಣಗಿದ್ರೆ ನಾನಿದ್ದೇನೆ ಒರೆಸ್ಲಿಕ್ಕೆ."

ಆಸಿಯಾ ತಲೆಯಾಡಿಸಿದ್ದಳು. ತಲೆಯಾಡಿಸುವುದಕ್ಕೇನು, ಮೂವತ್ತೊಂದು ವರ್ಷ ಗಂಡ ಹೇಳಿದ್ದಕ್ಕೂ ತಲೆಯಾಡಿಸಿ ತನಗೆ ಬೇಕಾದದ್ದನ್ನೇ ಮಾಡಿದವಳು. ಸಾವಿನ ಬಾಗಿಲಲ್ಲಿ ಮಲಗಿದವನ ಬಾಯಿಗೆ ಝಂಝಂ ಬಿಡದಿದ್ದರೆ ಅದೇನು ಹೆಂಡತಿ, ಅದೇನು ಈಮಾನು? ಲೀನಾ ಬೆನ್ನು ತಿರುಗಿಸಿದ ಕೂಡಲೇ ಹತ್ತಿಯನ್ನು ಬಾಟಲಿಯಲ್ಲಿ ಅದ್ದಿ, ಟ್ಯೂಬಿನ ಪಕ್ಕದಲ್ಲಿ ತುಟಿಯ ಸಂದಿಗೆ ಒತ್ತಿ, ನಾಲ್ಕೈದು ಹನಿ ಕೆನ್ನೆಯೊಳಗೆ ಹಿಂಡುತ್ತಿದ್ದಳು. ಬಿಸ್ಮಿ ಹೇಳಿ ಮುಗಿಸುವಷ್ಟು ಹೊತ್ತು ಸಾಕಾಗುತ್ತಿತ್ತು. ಆ ಹೊತ್ತಿನಲ್ಲಿ ಬಾಗಿಲ ಬಳಿ ಕಾವಲಿಗೆ ಭವ್ಯಶ್ರೀ ನಿಲ್ಲುವಳು. ಭವ್ಯಶ್ರೀಯ ಸರದಿ ಬಂದಾಗ ಆಸಿಯಾ. ಯಾಕೆಂದರೆ ಭವ್ಯಶ್ರೀಯ ಬಳಿಯೂ ಒಂದು ಪುಟ್ಟ ಬಾಟಲಿ ಇತ್ತು. ಊರಿನ ದೇವಸ್ಥಾನದ ತೀರ್ಥ, ಅವಳ ಅಮ್ಮ ವಿಮಾನ ಹತ್ತುವವರೊಬ್ಬರನ್ನು ಹಿಡಿದು ಕಳಿಸಿದ್ದು.

ಹತ್ತು ದಿನಕ್ಕೆ ತೀರ್ಥದ ಬಾಟಲಿ ತಳ ಕಂಡಿತು. ಹುಡುಗಿಯ ಮುಖ ಬಾಡಿತು.

"ಇನ್ನು ಎರಡು ಹನಿ ಉಂಟು ಅಷ್ಟೇ ಅಕ್ಕ. ಊರಿಂದ ಬರುವವರು ಯಾರೂ ಇಲ್ಲ ಈ ತಿಂಗಳು."

"ಅದಕ್ಕೆ ಯಾಕೆ ಮಂಡೆಬೆಚ್ಚ?" ಎಂದಳು ಆಸಿಯಾ. "ಆ ಎರಡು ಹನಿಗೆ ನೀರು ಸೇರಿಸು. ಅಷ್ಟೂ ತೀರ್ಥವೇ ಆಗ್ತದೆ. ನಾವು ಝಂಝಂಗೆ ಹಾಗೇ ಮಾಡುದು ಮಾರಾಯ್ತಿ. ಒಬ್ಬರು ಉಮ್ರಾಕ್ಕೆ ಹೋಗಿ ಒಂದು ಕ್ಯಾನ್ ತಂದ್ರೆ ಇಡೀ ಕುಟುಂಬಕ್ಕೆ ಆಗ್ಬೇಡ್ವಾ? ನನ್ನ ಬಾಟಲಿಗೂ ಮೊನ್ನೆ ಸೇರಿಸಿದ್ದೇನೆ, ನೋಡು."

"ಹೌದಲ್ವಾ, ನಮ್ಮ ಅಜ್ಜಿಯೂ ಕಾಶಿಯಿಂದ ತಂದ ಗಂಗೆಯನ್ನು ಹಾಗೇ ಮಾಡ್ತಿದ್ರು," ಎಂದು ಭವ್ಯಶ್ರೀಯ ಮುಖ ಅರಳಿತು. "ನೀರು ಎಲ್ಲಿಂದ ಅಕ್ಕ?"

"ಅಗೋ, ಅಲ್ಲೇ ಇಲ್ವಾ."

ಕೈ ತೊಳೆಯುವ ಸಿಂಕನ್ನು ಆಸಿಯಾ ತೋರಿಸಿದಳು. ಆಸ್ಪತ್ರೆಯ ನಲ್ಲಿ, ಅದರಷ್ಟು ಚೊಕ್ಕಟ ಇನ್ನೇನು? ಸ್ಟೀಲಿನ ನಲ್ಲಿ ಫಳಫಳ ಹೊಳೆಯುತ್ತಿತ್ತು, ಸಿಂಕಿನಲ್ಲಿ ಒಂದು ಕೂದಲೆಳೆ ಇರಲಿಲ್ಲ. ಹಾಗೆ ಎರಡು ಬಾಟಲಿಗಳೂ ಅಲ್ಲೇ ತುಂಬಿದವು, ಖಾಲಿಯಾದಂತೆ ಮತ್ತೆ ತುಂಬಿದವು. ಇಡೀ ದಿನ ಕೈಚೀಲದ ಬಿಸಿಗೆ ಬಿದ್ದಿರುತ್ತಿದ್ದವು.

ಪಕೀರಬ್ಬನಿಗೆ ಜ್ವರ ಬಂದದ್ದು ಎರಡನೇ ವಾರದ ಕೊನೆಗೆ. ಶ್ವಾಸನಾಳಕ್ಕೆ ಸಣ್ಣ ಕೊಳವೆ ಇಳಿಸಿ ಕಫ ಎಳೆಯುತ್ತಿದ್ದ ಲೀನಾಳ ಹುಬ್ಬು ಗಂಟಿಕ್ಕಿತು. ಕಫ ಹಸಿರಾಗಿತ್ತು. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶ ಬೆಳ್ಳಗೆ ಕಂಡಿತು. ವೆಂಟಿಲೇಟರಿನಲ್ಲಿರುವವರಿಗೆ ಬರುವ ನ್ಯುಮೋನಿಯಾ ಎಂದರು. ಒಂದು ಆ್ಯಂಟಿಬಯೋಟಿಕ್ ಕೊಟ್ಟರು, ಜ್ವರ ಜಗ್ಗಲಿಲ್ಲ. ಇನ್ನೊಂದು ಕೊಟ್ಟರು, ಅದಕ್ಕೂ ಇಲ್ಲ. ಅಷ್ಟರಲ್ಲಿ ಪರದೆಯ ಆಚೆ ಲತೇಶನ ಮೈಯೂ ಕಾದಿತು.

ಕಫದ ಕಲ್ಚರ್ ರಿಪೋರ್ಟ್ ಬಂದ ದಿನ ಲೀನಾ ಇಬ್ಬರನ್ನೂ ಹೊರಗೆ ಕೂರಿಸಿ ತಿಳಿಯುವ ಹಾಗೆ ಹೇಳಿದಳು. "ಇಬ್ಬರಿಗೂ ಒಂದೇ ಬ್ಯಾಕ್ಟೀರಿಯಾ. ಮಾಮೂಲಿ ಮದ್ದು ಯಾವುದೂ ಅದಕ್ಕೆ ತಾಗುದಿಲ್ಲ, ಎಲ್ಲದಕ್ಕೂ ಅಭ್ಯಾಸ ಆಗಿಬಿಟ್ಟಿದೆ. ಒಂದೇ ಒಂದು ಮದ್ದು ಕೆಲಸ ಮಾಡ್ಬಹುದು ಅಂತ ಲ್ಯಾಬಿನವರು ಹೇಳ್ತಾರೆ, ಅದನ್ನು ಇವತ್ತಿಂದ ಇಬ್ಬರಿಗೂ ಶುರು ಮಾಡ್ತೇವೆ. ನಾವು ಕೆಮ್ಮಿ ಹೊರಗೆ ಹಾಕ್ತೇವೆ ನೋಡಿ, ಇವರಿಗೆ ಕೆಮ್ಮಲಿಕ್ಕೆ ಆಗುದಿಲ್ಲ. ಬಾಯಲ್ಲಿ ಎಂತ ಇದ್ರೂ ಟ್ಯೂಬಿನ ಬದಿಯಿಂದ ನಿಧಾನಕ್ಕೆ ಶ್ವಾಸಕೋಶಕ್ಕೇ ಇಳೀತದೆ."

ಬಾಯಲ್ಲಿ ಎಂತ ಇದ್ದರೂ. ಆ ಮಾತು ಆಸಿಯಾಳ ಕಿವಿಯಲ್ಲಿ ಕೂತಿತು, ಆದರೆ ಮನಸ್ಸಿಗೆ ಇಳಿಯಲು ಅವಳು ಬಿಡಲಿಲ್ಲ. ಮರುದಿನ ಸಂಜೆಯೂ ಹತ್ತಿ ಅದ್ದಿದಳು. ಕಾಯಿಲೆ ಜೋರಾದಾಗಲೇ ಅಲ್ಲವೇ ಆ ನೀರು ಬೇಕಾದದ್ದು?

ಭಾನುವಾರ ಮಧ್ಯಾಹ್ನ ರಾಹಿಲಾ ಬಂದಳು. ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ವಿಭಾಗದವಳು, ಹೈದರಾಬಾದಿನ ಹೆಂಗಸು, ಹಿಜಾಬಿನ ಮೇಲೆ ಕನ್ನಡಕ. ಅವಳ ಜೊತೆ ಬಂದವರು ಸಿಂಕಿಗೆ ಅಡ್ಡಲಾಗಿ ಕೆಂಪು ಟೇಪು ಸುತ್ತಿದರು. ಸಿಂಕಿನ ಪೈಪಿನೊಳಗಿನ ಲೋಳೆಯಲ್ಲಿಯೂ ಈ ಇಬ್ಬರ ಕಫದಲ್ಲಿಯೂ ಒಂದೇ ಬ್ಯಾಕ್ಟೀರಿಯಾ ಸಿಕ್ಕಿದೆ ಎಂದು ರಾಹಿಲಾ ಹಿಂದಿಯಲ್ಲಿ ಹೇಳಿದಳು. ನಲ್ಲಿ ಬಿಟ್ಟಾಗ ನೀರು ಕೆಳಗೆ ಬಿದ್ದು ಸಿಡಿದು, ಬ್ಯಾಕ್ಟೀರಿಯಾ ನಲ್ಲಿಯ ಬಾಯಿಗೂ ಅಂಟಿದೆ. ಅಷ್ಟು ಸರಿ. ಆದರೆ ಸಿಂಕಿನಲ್ಲಿದ್ದದ್ದು ಇವರ ಎದೆಯೊಳಗೆ ಹೋದದ್ದು ಹೇಗೆ? ನರ್ಸುಗಳ ಕೈ ಪರೀಕ್ಷೆ ಮಾಡಿದೆವು, ಯಂತ್ರದ ಪೈಪುಗಳನ್ನು ಪರೀಕ್ಷೆ ಮಾಡಿದೆವು, ಎಲ್ಲೂ ಇಲ್ಲ.

"ಈ ಸಿಂಕಿನ ನೀರನ್ನು ಯಾರಾದರೂ ಬೇರೆ ಯಾವುದಕ್ಕಾದರೂ ಬಳಸಿದ್ದೀರಾ? ಕುಡಿಯಲು, ಒರೆಸಲು, ಏನಕ್ಕಾದರೂ?"

ಆಸಿಯಾಳ ಕೈಚೀಲ ತೊಡೆಯ ಮೇಲಿತ್ತು, ಅದರೊಳಗಿನ ಬಾಟಲಿ ಬಟ್ಟೆಯ ಮೂಲಕ ತೊಡೆಗೆ ತಾಗುತ್ತಿತ್ತು. ಹೇಳಿದರೆ ಇವರು ಏನು ಬರೆದುಕೊಳ್ಳುತ್ತಾರೆ? ಝಂಝಂ ಕುಡಿಸಿ ಗಂಡನಿಗೆ ರೋಗ ತಂದಳು ಎಂದೇ? ಆ ಎರಡು ಮಾತನ್ನು ಒಂದೇ ವಾಕ್ಯದಲ್ಲಿ ಆಡಲು ಅವಳ ನಾಲಿಗೆ ಏಳಲಿಲ್ಲ.

"ಇಲ್ಲ," ಎಂದಳು. "ಕೈ ತೊಳೆಯುದು ಮಾತ್ರ."

ಭವ್ಯಶ್ರೀ ಮೊದಲು ರಾಹಿಲಾಳ ಕಡೆ ನೋಡಲಿಲ್ಲ, ಆಸಿಯಾಳ ಕಡೆ ನೋಡಿದಳು. ನೋಡಿ, ತಾನೂ ಇಲ್ಲ ಎಂದು ತಲೆಯಾಡಿಸಿದಳು. ಶಾಲೆಯ ಮಕ್ಕಳು ಪಕ್ಕದವರ ಉತ್ತರ ನೋಡಿ ಬರೆಯುವ ಹಾಗೆ. ಅಷ್ಟೂ ತೀರ್ಥವೇ ಎಂದು ಆಸಿಯಕ್ಕ ಹೇಳಿದ ಮೇಲೆ ಅವಳ ಪಾಲಿಗೆ ಬಾಟಲಿಯಲ್ಲಿದ್ದದ್ದು ಸಿಂಕಿನ ನೀರೇ ಅಲ್ಲ.

ಮನೆಗೆ ಬಂದವಳೇ ಆಸಿಯಾ ಬಾಟಲಿಯನ್ನು ಅಡುಗೆಮನೆಯ ದೀಪಕ್ಕೆ ಹಿಡಿದಳು. ನೀರು ತಿಳಿಯಾಗಿಯೇ ಕಾಣುತ್ತಿತ್ತು. ಮುಚ್ಚಳ ತೆಗೆದು ಕಿರುಬೆರಳನ್ನು ಒಳಗೆ ಇಳಿಸಿ ಬಾಟಲಿಯ ಗೋಡೆ ಸವರಿದಳು. ಬಾವಿಕಟ್ಟೆಯ ಪಾಚಿಯ ಹಾಗೆ ಜಾರಿತು.

ಮಗ ಅನ್ಸಾಫ್ ಆಫೀಸಿನಿಂದ ಬಂದಾಗ ಹೇಳಿದಳು. ಹುಟ್ಟಿದ್ದೂ ಓದಿದ್ದೂ ಇಲ್ಲಿಯೇ ಆದ್ದರಿಂದ ಅವನ ಕನ್ನಡ ಅಷ್ಟಕ್ಕಷ್ಟೇ.

"ಉಮ್ಮ, ಪ್ಲೀಸ್, ಯಾರಿಗೂ ಹೇಳ್ಬೇಡಿ. ಹಾಸ್ಪಿಟಲ್‌ನವ್ರು ಪೊಲೀಸ್ ಕಂಪ್ಲೇಂಟ್ ಕೊಟ್ರೆ? ನಿಮ್ಮ ವೀಸಾ ನನ್ನ ಹೆಸರಲ್ಲಿ ಉಂಟು. ನೀವು ಸ್ಟಾಪ್ ಮಾಡಿ, ಅಷ್ಟೇ. ಸಿಂಕ್ ಕೂಡ ಕ್ಲೋಸ್ ಆಯ್ತಲ್ಲ? ಖಲಾಸ್."

"ಖಲಾಸ್," ಎಂದಳು ಆಸಿಯಾ.

ಭವ್ಯಶ್ರೀಯ ಬಾಟಲಿಯ ವಿಷಯ ಅವಳು ಮಗನಿಗೆ ಹೇಳಲೇ ಇಲ್ಲ. ಹೇಳಿದ್ದರೆ ಅವನೇನು ಅನ್ನುತ್ತಿದ್ದನೋ ಗೊತ್ತಿಲ್ಲ. ಆದರೆ ಅರ್ಧ ಹೇಳಿ ಅರ್ಧ ನುಂಗಿಕೊಂಡದ್ದು ಯಾಕೆ ಎಂದು ಅವಳಿಗೆ ಗೊತ್ತಿತ್ತು. ಸಿಂಕಿಗೆ ಟೇಪು ಸುತ್ತಿದರೇನು, ಆ ಹುಡುಗಿಯ ಚೀಲದೊಳಗೆ ಆ ಸಿಂಕಿನದೇ ನೀರು ಬೆಚ್ಚಗೆ ಕೂತಿದೆ. ಅಲ್ಲಿ ಹಿಡಿ ಎಂದು ಬೆರಳು ತೋರಿಸಿದವಳು ತಾನು. ತನ್ನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಳು. ನಾಳೆ ಹುಡುಗಿಗೆ ಹೇಳುತ್ತೇನೆ ಎಂದುಕೊಂಡಳು.

ಸೋಮವಾರ ಹೇಳಲಿಲ್ಲ. "ಇವತ್ತು ಬಿಡು ಮಗಾ, ಸಿಸ್ಟರ್ ಇಲ್ಲೇ ಸುಳೀತಿದ್ದಾರೆ," ಎಂದಷ್ಟೇ ಹೇಳಿ ತಪ್ಪಿಸಿದಳು. ಆ ಒಂದು ದಿನ ತಪ್ಪಿಸಿದ್ದಕ್ಕೆ ತನಗೆ ತಾನೇ ಶಾಬಾಸು ಹೇಳಿಕೊಂಡು ಮನೆಗೆ ಬಂದಳು. ನಾಚಿಕೆಗೇಡಿನ ಶಾಬಾಸು.

ಮಂಗಳವಾರ ಲೀನಾ ಬೇರೆ ಕೋಣೆಗೆ ಹೋದಳು, ತಪ್ಪಿಸಲು ನೆವ ಸಿಗಲಿಲ್ಲ. "ಅಕ್ಕ, ಸ್ವಲ್ಪ ನೋಡಿ," ಎಂದಳು ಭವ್ಯಶ್ರೀ. ಆಸಿಯಾಳ ಕಾಲುಗಳು ರೂಢಿಯಂತೆ ಬಾಗಿಲಿನ ಕಡೆ ಹೋದವು. ಬೆನ್ನ ಹಿಂದೆ ಮುಚ್ಚಳ ತಿರುಗುವ ಸದ್ದು ಕೇಳಿತು, ಹುಡುಗಿ ಮೆಲ್ಲಗೆ ದೇವರ ಹೆಸರು ಹೇಳುವುದು ಕೇಳಿತು. ಬೇಡ ಮಗಾ ಎಂದು ಎರಡು ಶಬ್ದ ಹೇಳಿದರೆ ಸಾಕಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಹೇಳಬೇಕು. ಹೇಳಿದರೆ ಈ ಹುಡುಗಿ ಸುಮ್ಮನಿರುವವಳಲ್ಲ, ನೇರ ಲೀನಾಳ ಹತ್ತಿರ ಓಡುತ್ತಾಳೆ. ಆಮೇಲೆ ತನ್ನ ಮುಖ ನೋಡುತ್ತಾಳೆಯೇ? ಈ ಲೆಕ್ಕಾಚಾರ ಮುಗಿಯುವಷ್ಟರಲ್ಲಿ ಬಾಟಲಿ ಚೀಲ ಸೇರಿತ್ತು. ತನ್ನ ಸರದಿಯಲ್ಲಿ ಆಸಿಯಾ ಒಣ ಹತ್ತಿಯನ್ನು ಗಂಡನ ತುಟಿಗೆ ಮುಟ್ಟಿಸಿದಳು, ಬಾಗಿಲಿಗೆ ಮುಖ ಮಾಡಿ ನಿಂತ ಹುಡುಗಿಗೆ ಅದು ತಿಳಿಯಲಿಲ್ಲ.

ಬುಧವಾರ ಪಕೀರಬ್ಬನ ಜ್ವರ ಇಳಿಯಿತು. ಲೀನಾ ಬಂದು ಸುದ್ದಿ ಹೇಳುವಾಗ ಆಸಿಯಾಳಿಗಿಂತ ಹೆಚ್ಚು ಕುಣಿದವಳು ಭವ್ಯಶ್ರೀ. ಅವಳ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಝಂಝಂ ಕೈ ಬಿಡ್ಲಿಲ್ಲ ನೋಡಿ ಅಕ್ಕ! ನನ್ನ ಭಕ್ತಿಯೇ ಸಾಲ್ಲಿಲ್ಲ ಕಾಣ್ತದೆ. ಇವತ್ತಿಂದ ಮಧ್ಯಾಹ್ನವೂ ಹಾಕ್ತೇನೆ, ಸಂಜೆಯೂ ಹಾಕ್ತೇನೆ," ಎಂದಳು.

ಹಾಕಿದಳು ಕೂಡ. ಮಧ್ಯಾಹ್ನವೂ, ಸಂಜೆಯೂ. ಆಸಿಯಾ ಬಾಗಿಲ ಬಳಿ ನಿಂತಿದ್ದಳು. ಅವತ್ತು ಮನೆಗೆ ಬಂದು ಗಂಡನ ಜ್ವರ ಇಳಿದದ್ದಕ್ಕೆ ನಮಾಜಿನ ನಂತರ ಕೈಯೆತ್ತಿದವಳಿಗೆ ದುವಾ ಬಾಯಿಗೆ ಬರಲಿಲ್ಲ. ಅಲ್ಲಾಹನಿಗೆ ಎಲ್ಲ ಗೊತ್ತು, ಅವನ ಮುಂದೆ ಯಾವ ಮುಖ ಹೊತ್ತುಕೊಂಡು ಕೂರುವುದು ಎಂದು ಎದ್ದುಬಿಟ್ಟಳು.

ಗುರುವಾರ ಸಂಜೆ ನಾಲ್ಕಕ್ಕೆ ಇಬ್ಬರೂ ಒಳಗೆ ಹೋದಾಗ ಲತೇಶನ ಮಂಚದ ಬಳಿ ಡಾಕ್ಟರು ನಿಂತಿದ್ದರು. ಈಜಿಪ್ಟಿನವರು, ಮೆಲುಮಾತಿನ ಮನುಷ್ಯ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಲೀನಾ ಕನ್ನಡಕ್ಕೆ ತಂದಳು. ಇಬ್ಬರಿಗೂ ಒಂದೇ ಬ್ಯಾಕ್ಟೀರಿಯಾ, ಒಂದೇ ಮದ್ದು. ಆ ಹಿರಿಯರಿಗೆ ಇಳಿಯುತ್ತಿದೆ, ಈ ಹುಡುಗನಿಗೆ ಏರುತ್ತಿದೆ. ಯಾಕೆಂದು ಅರ್ಥವಾಗುತ್ತಿಲ್ಲ. ಬಹುಶಃ ಇವನೊಳಗಿನ ಬ್ಯಾಕ್ಟೀರಿಯಾ ಈ ಮದ್ದನ್ನೂ ಗೆದ್ದಿರಬೇಕು. ಇನ್ನೊಂದು ಹಳೆಯ ಔಷಧಿ ಇದೆ, ಅದನ್ನು ಇವತ್ತು ಸಂಜೆ ಸೇರಿಸುತ್ತೇವೆ. ಅದು ಕಿಡ್ನಿಗೆ ಹೊಡೆಯುತ್ತದೆ. ಅಪಘಾತದಲ್ಲಿ ಇವನ ಕಿಡ್ನಿ ಮೊದಲೇ ಪೆಟ್ಟು ತಿಂದಿದೆ, ತಡೆಯುತ್ತದೆಂದು ಹೇಳಲಾಗುವುದಿಲ್ಲ. ನೀವು ಸಹಿ ಹಾಕಬೇಕು.

ಡಾಕ್ಟರೂ ಲೀನಾಳೂ ಕಾಗದ ತರಲು ಹೊರಗೆ ಹೋದರು. ಭವ್ಯಶ್ರೀ ಅಳಲಿಲ್ಲ. ಗಂಡನ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿ, ಚೀಲಕ್ಕೆ ಕೈ ಹಾಕಿ ಬಾಟಲಿ ತೆಗೆದಳು.

"ಅಕ್ಕ, ಬಾಗಿಲು."

ಆಸಿಯಾ ಬಾಗಿಲಿಗೆ ಹೋಗಲಿಲ್ಲ. ಎರಡೇ ಹೆಜ್ಜೆಯಲ್ಲಿ ಬಂದು ಹುಡುಗಿಯ ಮುಂಗೈ ಹಿಡಿದು ಬಾಟಲಿಯನ್ನು ಕಿತ್ತುಕೊಂಡಳು. ಮುಚ್ಚಳ ತೆರೆದೇ ಇತ್ತು, ನೀರು ಇಬ್ಬರ ಕೈಯ ಮೇಲೂ ಚೆಲ್ಲಿತು.

"ಬೇಡ. ಇದು ಹಾಕ್ಬೇಡ."

ಭವ್ಯಶ್ರೀ ಬೆಪ್ಪಾಗಿ ನೋಡಿದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು ಎಂದುಕೊಂಡಳು, ಅದು ಇನ್ನೂ ಕೆಟ್ಟದ್ದಾಯಿತು.

"ನಿಮ್ಮ ಝಂಝಂ ಆಗ್ತದೆ, ನಮ್ಮ ತೀರ್ಥ ಆಗುದಿಲ್ವಾ?" ಅವಳು ಬಾಟಲಿಗೆ ಕೈ ಚಾಚಿದಳು. "ಮೂರು ವಾರ ನಾನು ನಿಮಗೆ ಕಾವಲು ನಿಂತಿದ್ದೇನೆ. ಒಂದು ದಿನ ಆದ್ರೂ ಹೀಗೆ ಮಾಡಿದ್ದೇನಾ? ಕೊಡಿ ಇಲ್ಲಿ."

ನಿಮ್ಮ, ನಮ್ಮ ಎಂಬ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಕಪಾಳಕ್ಕೆ ಹೊಡೆದಿದ್ದರೂ ಆಸಿಯಾಳಿಗೆ ಅಷ್ಟು ನೋಯುತ್ತಿರಲಿಲ್ಲ. ಆದರೂ ಬಾಟಲಿ ಬಿಡಲಿಲ್ಲ, ಎದೆಗೆ ಒತ್ತಿ ಹಿಡಿದುಕೊಂಡಳು. ಸದ್ದು ಕೇಳಿ ಲೀನಾ ಒಳಗೆ ಓಡಿ ಬಂದಳು. ಅವಳ ಕಣ್ಣು ಬಾಟಲಿಯ ಮೇಲೆ ಬಿತ್ತು, ಆಮೇಲೆ ಭವ್ಯಶ್ರೀಯ ಬೆರಳುಗಳ ನಡುವಿನ ಹತ್ತಿಯ ಮೇಲೆ.

"ಎಂತದು ಇದು ಆಂಟಿ?"

ಆಗ ಆಸಿಯಾ ಹೇಳಿದಳು. ನಿಂತಲ್ಲೇ, ಉಸಿರು ಬಿಡದೆ. ಝಂಝಂ, ತೀರ್ಥ, ಹತ್ತಿ, ಕಾವಲು, ಸಿಂಕಿನ ನೀರು ಬೆರೆಸಿದ್ದು, ಬೆರೆಸಲು ಕಲಿಸಿದ್ದು ತಾನು ಎಂಬುದು. ಭಾನುವಾರ ರಾಹಿಲಾ ಕೇಳಿದಾಗ ಸುಳ್ಳು ಹೇಳಿದ್ದು. ಲೀನಾ ಕೇಳುತ್ತಾ ಕೇಳುತ್ತಾ ಹಣೆಗೆ ಕೈಯಿಟ್ಟುಕೊಂಡಳು.

"ನಾನು ದಿನಾ ಬಾಯಿ ಬಡ್ಕೊಳ್ತಿದ್ದೆನಲ್ಲ! ಒಂದು ಹನಿ ಬೇಡ ಅಂತ ಎಷ್ಟು ಸಲ ಹೇಳಿದ್ದೇನೆ?" ಎಂದು ಸಿಡಿದಳು. ಆಮೇಲೆ ಆ ಹೆಂಗಸರಿಬ್ಬರ ಮುಖ ನೋಡಿ ದನಿ ತಗ್ಗಿಸಿದಳು. "ಝಂಝಮಿನದ್ದೂ ತಪ್ಪಲ್ಲ, ತೀರ್ಥದ್ದೂ ತಪ್ಪಲ್ಲ. ಬೆರೆಸಿದ್ದು ಸಿಂಕಿನ ನೀರು. ಅದು ತಪ್ಪು."

ಭವ್ಯಶ್ರೀ ಮಂಚದ ಕಂಬಿ ಹಿಡಿದುಕೊಂಡಳು. ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. "ನಾನೇ ಹಾಕಿದ್ದಾ?" ಎಂದಳು, ಯಾರಿಗೂ ಅಲ್ಲ. "ಗೊತ್ತಿರ್ಲಿಲ್ಲ ಅಕ್ಕ ನಮಗೆ. ನಿಮಗೂ ಗೊತ್ತಿರ್ಲಿಲ್ಲ ಅಲ್ವಾ."

ಇಂಥ ಹೊತ್ತಿನಲ್ಲಿಯೂ ಆ ಹುಡುಗಿ ತನ್ನನ್ನು ಬಿಡಿಸಲು ನೋಡುತ್ತಿದ್ದಾಳೆ. ಆಸಿಯಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ರಾಹಿಲಾಳನ್ನು ಕರೆಸಿದರು, ಡಾಕ್ಟರೂ ಮರಳಿ ಬಂದರು. ಬೈಗುಳವಿಲ್ಲ, ಪೊಲೀಸರ ಮಾತೂ ಇಲ್ಲ. ರಾಹಿಲಾ ಬಾಟಲಿಯನ್ನು ಕೈಗವಸಿನಿಂದ ಹಿಡಿದು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿದಳು. ಕಾಗದದಲ್ಲಿ ಬರೆಯುತ್ತಾ ಹೋದವಳು ಒಂದು ಕಡೆ ನಿಂತಳು. ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಏನೋ ಮಾತಾಡಿ ಆಸಿಯಾಳ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದಳು.

"ನಿಮ್ಮ ಗಂಡನಿಗೆ ಕೊನೆಯ ಸಲ ಆ ನೀರು ಹಾಕಿದ್ದು ಯಾವತ್ತು? ಸರಿಯಾಗಿ ನೆನಪು ಮಾಡಿ ಹೇಳಿ. ಇದರ ಮೇಲೆ ಬಹಳ ನಿಂತಿದೆ. ನಿನ್ನೆಯವರೆಗೂ ಹಾಕಿದ್ದು ಹೌದಾದರೆ, ನೀರಿದ್ದರೂ ನಿಮ್ಮ ಗಂಡ ಗುಣವಾಗುತ್ತಿದ್ದಾರೆ ಎಂದಾಯಿತು. ಆಗ ಈ ಹುಡುಗನಿಗೆ ಮದ್ದೇ ಕೆಲಸ ಮಾಡುತ್ತಿಲ್ಲ, ಇನ್ನೊಂದನ್ನು ಸೇರಿಸಲೇಬೇಕು. ನೀವು ಮೊದಲೇ ನಿಲ್ಲಿಸಿದ್ದರೆ ಮಾತು ಬೇರೆ. ಇವನಿಗೂ ನೀರು ನಿಂತರೆ ಇದೇ ಮದ್ದು ಸಾಕಾಗಬಹುದು. ಕಿಡ್ನಿ ಉಳಿಯುತ್ತದೆ."

ಆಸಿಯಾ ಭವ್ಯಶ್ರೀಯ ಕಡೆ ನೋಡಿದಳು. ಹುಡುಗಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ನಿನ್ನೆ ಎಂದು ಒಂದು ಶಬ್ದ ಹೇಳಿದರೆ ಸಾಕು. ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು, ಇಬ್ಬರೂ ಒಟ್ಟಿಗೇ ಮೋಸಹೋದೆವು ಎಂದಾಗಿ ಹೋಗುತ್ತದೆ. ಹೊರಗೆ ಹೋಗಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳಬಹುದು. ಹುಡುಗಿ ಜೀವಮಾನವಿಡೀ ಆಸಿಯಕ್ಕ ಎಂದು ಕರೆಯುತ್ತಾಳೆ. ಅದಕ್ಕೆ ತೆರಬೇಕಾದ್ದು ಪರದೆಯ ಆಚೆ ಮಲಗಿರುವವನ ಕಿಡ್ನಿ, ಅಷ್ಟೇ.

"ಶನಿವಾರ," ಎಂದಳು ಆಸಿಯಾ. "ಶನಿವಾರ ಸಂಜೆ ಕೊನೆ. ಭಾನುವಾರ ನೀವು ಬಂದು ಹೋದ ಮೇಲೆ ಬಾಟಲಿ ನೋಡಿದೆ, ಒಳಗೆ ಲೋಳೆ ಇತ್ತು. ಮತ್ತೆ ಹಾಕ್ಲಿಲ್ಲ."

ರಾಹಿಲಾ ಬರೆದುಕೊಂಡಳು. ಡಾಕ್ಟರು ಗೋಡೆಯ ಮೇಲಿನ ಪಟ್ಟಿಯಲ್ಲಿ ಪಕೀರಬ್ಬನ ಜ್ವರದ ಅಂಕಿಗಳ ಮೇಲೆ ಬೆರಳಾಡಿಸಿ ತಲೆಯಾಡಿಸಿದರು. ಸಹಿಯ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಎರಡು ದಿನ ಕಾಯೋಣ ಎಂದರು. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಭವ್ಯಶ್ರೀ ಮಾತ್ರ ಅಲ್ಲಾಡಲಿಲ್ಲ.

"ಮಂಗಳವಾರ ನಾನು ಹಾಕುವಾಗ ನಿಮಗೆ ಗೊತ್ತಿತ್ತು."

"ಹೌದು."

"ನಿನ್ನೆ ಎರಡು ಸಲ ಹಾಕಿದೆ. ನೀವು ಬಾಗಿಲು ಕಾಯ್ತಾ ಇದ್ರಿ."

"ಹೌದು ಮಗಾ."

"ಹಾಗೆ ಕರೀಬೇಡಿ," ಎಂದಳು ಭವ್ಯಶ್ರೀ. ಕೂಗಲಿಲ್ಲ, ಬಯ್ಯಲೂ ಇಲ್ಲ. "ಇವರು ಎದ್ದು ಕೂತ್ರೆ ನಾನೇ ನಿಮ್ಮ ಹತ್ರ ಬರ್ತೇನೆ. ಏಳದಿದ್ರೆ ನೀವು ನನ್ನ ಕಣ್ಣಿಗೆ ಬೀಳ್ಬೇಡಿ."

ಆಸಿಯಾಳಿಗೆ ಕಾಲು ಹಿಡಿಯಬೇಕು ಎನಿಸಿತು. ಹಿಡಿದರೆ ಅದೂ ಒಂದು ಕೇಳಿಕೊಳ್ಳುವಿಕೆ, ಇನ್ನೇನನ್ನೂ ಕೇಳುವ ಹಕ್ಕು ತನಗಿಲ್ಲ ಎಂದು ಸುಮ್ಮನೆ ನಿಂತಳು. ಐದು ಗಂಟೆಯಾಯಿತೆಂದು ಲೀನಾ ಬಂದು ಇಬ್ಬರನ್ನೂ ಹೊರಗೆ ಕಳಿಸಿದಳು. ಕಾಯುವ ಕೋಣೆಯಲ್ಲಿ ಭವ್ಯಶ್ರೀ ಬಾಗಿಲ ಬಳಿಯ ಸಾಲಿನಲ್ಲಿ ಕೂತಳು, ಆಸಿಯಾ ಕಿಟಕಿಯ ಬದಿಗೆ ಹೋದಳು.

ಶುಕ್ರವಾರ ಹಾಗೆಯೇ ಕಳೆಯಿತು. ಲತೇಶನ ಜ್ವರ ಮೂವತ್ತೊಂಬತ್ತು ಡಿಗ್ರಿಯಲ್ಲೇ ನಿಂತಿತ್ತು. ಅನ್ಸಾಫ್ ಮನೆಯಲ್ಲಿ ಒಂದಿಷ್ಟು ಹಾರಾಡಿದ, ಆಮೇಲೆ ಕಪಾಟಿನ ಮೇಲಿದ್ದ ಬಾಟಲಿಯನ್ನು ತಾನೇ ತಂದು ರಾಹಿಲಾಳಿಗೆ ಕೊಟ್ಟು ಬಂದ. ಆಸಿಯಾ ಆ ದಿನ ಜುಮ್ಮಾದ ಹೊತ್ತಿನಲ್ಲಿ ಕೈಯೆತ್ತಿದಳು, ಈ ಸಲ ದುವಾ ಬಾಯಿಗೆ ಬಂತು. ಬಂದದ್ದು ಗಂಡನ ಹೆಸರಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತೆರೆದಾಗ ಭವ್ಯಶ್ರೀ ಮುಂದೆ ಹೋದಳು. ಆಸಿಯಾ ಹತ್ತು ಹೆಜ್ಜೆ ಬಿಟ್ಟು ಹಿಂದೆ ಹೋಗಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಕೋಣೆಯ ಹೊಸ್ತಿಲಲ್ಲಿ ನಿಂತಳು. ಪರದೆ ಅರ್ಧ ಸರಿದಿತ್ತು. ಲತೇಶನ ತಲೆಯ ಮೇಲಿನ ಮಾನಿಟರಿನಲ್ಲಿ ಮೂರು ನಾಲ್ಕು ಅಂಕಿಗಳು ಓಡುತ್ತಿದ್ದವು. ಯಾವುದು ನಾಡಿ, ಯಾವುದು ಜ್ವರ ಎಂದು ಮೂರು ವಾರದಲ್ಲಿ ಅವಳು ಕಲಿತಿದ್ದಳು. ಮೂವತ್ತೆಂಟು ಪಾಯಿಂಟ್ ನಾಲ್ಕು. ಕಡಿಮೆಯಾಯಿತೇ, ಅಥವಾ ಈಗಷ್ಟೇ ಜ್ವರದ ಮದ್ದು ಕೊಟ್ಟದ್ದೋ? ಅವಳು ಕಣ್ಣು ಕಿರಿದು ಮಾಡಿ ಕೊನೆಯ ಅಂಕಿ ಬದಲಾಗುವುದನ್ನೇ ಕಾಯುತ್ತಿದ್ದಳು. ನಾಲ್ಕು ಐದಾಯಿತು, ಮತ್ತೆ ನಾಲ್ಕಾಯಿತು, ಮೂರಾಯಿತು.

"ಆಂಟಿ," ಎಂದು ಲೀನಾ ಅವಳ ಭುಜ ಮುಟ್ಟಿದಳು. "ಎಲ್ಲಿ ನೋಡ್ತಿದ್ದೀರಿ? ಇಲ್ಲಿ ನೋಡಿ. ನಿಮ್ಮ ಯಜಮಾನ್ರು ಆಗಿನಿಂದ ಕಣ್ಣು ಬಿಟ್ಟು ನಿಮ್ಮನ್ನೇ ನೋಡ್ತಾ ಇದ್ದಾರೆ."